ಒಂದು ಚಮಚ ಗಿಣ್ಣ

ಉಸಿರುಗನ್ನಡಿ ಅಂಗೈಯಗಲದ್ದು. ಊರಿನ ಆರೋಗ್ಯ ಕೇಂದ್ರದ ಕಟ್ಟೆಯ ಮೇಲೆ ಕೂತು ಸಾವಂತ್ರೆವ್ವ ಒಂದು ಲೋಟ ಹಾಲು ಕುಡಿದಿದ್ದಳು. ಅರ್ಧ ಗಂಟೆಗೊಮ್ಮೆ ಕನ್ನಡಿಗೆ ಊದುತ್ತಿದ್ದಳು. ನಾಲ್ಕನೆಯ ಸಲ ಊದಿದಾಗ ಅದು ಬದನೆ ಹೂವಿನ ಬಣ್ಣಕ್ಕೆ ತಿರುಗಿತು. ಕಟ್ಟೆಯ ಇನ್ನೊಂದು ತುದಿಯಲ್ಲಿ ಅವಳ ನೆಗೆಣ್ಣಿ ಗುರಸಿದ್ದವ್ವ, ಬೆನ್ನು ಮಾಡಿ ಕೂತು, ತನ್ನ ಕನ್ನಡಿಗೆ ಊದುತ್ತಿದ್ದಳು.

"ಹೊಟ್ಟಿ ಗುಡುಗುಡು ಅನ್ನಾಕತ್ತೈತೇನಬೇ?" ಕನ್ನಡಿ ತಂದಿದ್ದ ವಿಜ್ಞಾನಿ ವಿಭಾ ಸಾವಂತ್ರೆವ್ವನನ್ನು ಕೇಳಿದಳು.

"ಅದಕ್ಕ ಕನ್ನಡಿ ಯಾಕವ್ವ? ಓಣಿ ತುದಿಗೆ ಕೇಳಸ್ತೈತಿ."

ವಿಭಾ ನಕ್ಕು ವಿವರಿಸಿದಳು. ಹಾಲಿನ ಸಕ್ಕರೆಯನ್ನು ಒಡೆಯುವ ಪಾಚಕ ಎಷ್ಟೋ ಜನರಲ್ಲಿ ಬೆಳೆದಂತೆ ಕಡಿಮೆಯಾಗುತ್ತದೆ. ಒಡೆಯದ ಸಕ್ಕರೆ ದೊಡ್ಡಕರುಳಿಗಿಳಿದು ಹುದುಗುತ್ತದೆ; ಆ ಹುದುಗಿನ ಗಾಳಿ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಬೀಳುತ್ತದೆ. ಕನ್ನಡಿ ಹಿಡಿಯುವುದು ಅದನ್ನೇ. "ಇದಕ್ಕ ಹಾಲು ಒಗ್ಗದ ಗುಣ ಅಂತೀವಿ. ಅಳತಿ ಮೀರಬಾರದು, ಅಷ್ಟ. ಒಂದು ಚಮಚ ಗಿಣ್ಣ ತಿಂದ್ರ ಏನೂ ಆಗಂಗಿಲ್ಲ."

ಗಿಣ್ಣ ಎಂದೊಡನೆ ಸಾವಂತ್ರೆವ್ವ ನೆಗೆಣ್ಣಿಯ ಬೆನ್ನಿನತ್ತ ನೋಡಿದಳು.

ಊರಿನಲ್ಲಿ ಯಾರ ಆಕಳು ಈದರೂ ಮೊದಲ ಹಾಲಿನ ಗಿಣ್ಣ ಮನೆಮನೆಗೂ ಹೋಗುತ್ತಿತ್ತು. ಬೆಲ್ಲ, ಏಲಕ್ಕಿಯ ವಾಸನೆಯೇ ಮೊದಲು ಹೊಸ್ತಿಲು ದಾಟುತ್ತಿತ್ತು. ಬೇಡ ಎನ್ನುವಂತಿರಲಿಲ್ಲ, ಬೋಗುಣಿಯನ್ನು ಬರಿದಾಗಿ ಮರಳಿಸುವಂತೆಯೂ ಇರಲಿಲ್ಲ, ಹಿಡಿ ಜೋಳವಾದರೂ ಹಾಕಬೇಕು. ಮೂವತ್ತೊಂದು ವರ್ಷದ ಹಿಂದೆ ಗುರಸಿದ್ದವ್ವ ತಂದುಕೊಟ್ಟ ಗಿಣ್ಣವನ್ನು ಸಾವಂತ್ರೆವ್ವ, ಹೊಟ್ಟೆಗೆ ಹೆದರಿ, ನುಗ್ಗೆಗಿಡದ ಬುಡಕ್ಕೆ ಸುರಿದಿದ್ದಳು. ನೆಗೆಣ್ಣಿ ನೋಡಿ ಬೈದಳು. ಗಿಣ್ಣ ನೆಲಕ್ಕೆ ಬಿದ್ದರೆ ಕರು ಉಳಿಯದೆಂಬ ನಂಬಿಕೆ. ವಾರದೊಳಗೆ ಕರು ಸತ್ತಿತು. ಅಂದಿನಿಂದ ನಡುಗೋಡೆ ಒಂದೇ ಆದರೂ ಅಣ್ಣತಮ್ಮಂದಿರ ಎರಡು ಮನೆಗಳಿಗೆ ಮಾತಿಲ್ಲ.

"ಡಾಕ್ಟ್ರವ್ವ, ಆಕಿಗಿ ಈ ಕನ್ನಡಿ ತೋರಸು. ಸೊಕ್ಕಿಲೆ ಚೆಲ್ಲಿಲ್ಲ ನಾ ಅಂತ ಹೇಳು."

ಗುರಸಿದ್ದವ್ವ ತಿರುಗಲಿಲ್ಲ. ತನ್ನ ಕನ್ನಡಿಯನ್ನು ಎತ್ತಿ ಹಿಡಿದಳು. ಅದೂ ಬದನೆ ಹೂವಿನ ಬಣ್ಣ.

"ಆಕಿಗಿ ಹೇಳವ್ವ, ನನಗೂ ಹಂಗ ಆಗ್ತಿತ್ತು. ಆಕಳ ಮನಿ ಸೊಸಿ, ಒಲ್ಲೆ ಅಂದ್ರ ಹೆಂಗ ಅಂತ ತಿಂದು ತಿಂದು ಸತ್ತೆ."

"ಮತ್ತ ನನಗ್ಯಾಕ ಬೈದ್ಲು, ಕೇಳು."

ಗುರಸಿದ್ದವ್ವ ಈಗ ತಿರುಗಿದಳು. "ನಾ ನುಂಗಿದ್ದನ್ನ ನೀ ಚೆಲ್ಲಿದೆಲ್ಲ, ಅದಕ್ಕ."

ನಡುವೆ ನಿಂತಿದ್ದ ವಿಭಾ ಪಕ್ಕಕ್ಕೆ ಸರಿದಳು.

ವರ್ಷ ಕಳೆಯುವುದರೊಳಗೆ ಉಸಿರುಗನ್ನಡಿ ಎಲ್ಲರ ಕರುಳನ್ನೂ ಓದಿ ಮುಗಿಸಿತು. ಯಾವುದು ಎಷ್ಟು ಒಗ್ಗುತ್ತದೆಂದು ಬರೆದ ಕರುಳಚೀಟಿ ಮನೆಗೊಂದು ಬಂತು. ಯಾರಿಗೆ ಏನು ಆಗದೋ ಎಂಬ ಅಂಜಿಕೆಯಲ್ಲಿ ಜನ ಗಿಣ್ಣ ಹಂಚುವುದನ್ನೇ ಬಿಟ್ಟರು. ವಿಭಾ ಇದನ್ನು ಎಣಿಸಿರಲಿಲ್ಲ.

ಶ್ರಾವಣದಲ್ಲಿ ಗುರಸಿದ್ದವ್ವನ ಆಕಳು ಈದಿತು. ಅವಳು ಅದೇ ಹಳೆಯ ಹಿತ್ತಾಳೆ ಬೋಗುಣಿಗೆ ತಟ್ಟೆ ಮುಚ್ಚಿಕೊಂಡು ಬಂದಳು. ಸಾವಂತ್ರೆವ್ವ ತಟ್ಟೆ ಸರಿಸಿದರೆ ತಳದಲ್ಲಿ ಒಂದೇ ಚಮಚ ಗಿಣ್ಣ.

"ಕರ?"

"ಹೆಣ್ಣು. ಗಟ್ಟಿ ಐತಿ. ಚೆಲ್ಲಬ್ಯಾಡ ಮತ್ತ."

ಸಾವಂತ್ರೆವ್ವ ಬೆರಳಿನಿಂದ ಬಳಿದು ತಿಂದಳು. ಆಮೇಲೆ ಒಳಗೆ ಹೋಗಿ, ಬೋಗುಣಿಯ ತುಂಬ ಜೋಳ ಸುರಿದು ತಂದಳು.