ಅರ್ಧ ಮಿಲಿಮೀಟರ್ ಕಮ್ಮಿ

"ಕಣ್ಣು ಮುಚ್ರಿ," ಅಂದ ಶಶಿಧರ್.

"ಇಷ್ಟು ಜನದ ಮಧ್ಯೆನಾ? ಯಾರಾದ್ರೂ ನಮ್ಮ ಏರಿಯಾದೋರು ನೋಡಿದ್ರೆ ನನ್ನ ಕಥೆ ಮುಗೀತು," ಅಂದಳು ತ್ರಿವೇಣಿ. ಅಂದವಳೇ ಮುಚ್ಚಿದಳು. ಒಂದು ಕಣ್ಣನ್ನ ಚೂರು ತೆರೆದಿಟ್ಟುಕೊಂಡಿದ್ದು ಅವನಿಗೂ ಕಂಡಿತು.

"ಎರಡೂ ಮುಚ್ರಿ, ಕಳ್ಳಿ!"

ಬಂಗಾರಪೇಟೆಯ ಪಾನಿಪುರಿ ಅಂಗಡಿ ಮುಂದಿನ ಬೆಂಚು, ಭಾನುವಾರದ ಸಂಜೆ. ಮಾರಿಕುಪ್ಪಂ ಟ್ರೇನಿನಲ್ಲಿ ಇಬ್ಬರೂ ಹೀಗೆ ಬರೋಕೆ ಶುರುಮಾಡಿ ನಾಲ್ಕು ತಿಂಗಳು. ಅವನು ಗದಗದ ಕಡೆಯವನು, ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸ. ಅವಳು ಅಲ್ಲೇ ಡೆಂಟಲ್ ಲ್ಯಾಬಿನಲ್ಲಿ ಹಲ್ಲು ಮಾಡುವವಳು. ಅವನ ಮುರಿದ ಹಲ್ಲಿಗೆ ಕ್ಯಾಪ್ ಮಾಡಿದ್ದು ಅವಳೇ. ಕ್ಯಾಪ್ ಚೆನ್ನಾಗಿ ಕೂತ ಮೇಲೂ "ಸ್ವಲ್ಪ ಎತ್ತರ ಆಗೈತ್ರಿ" ಅಂತ ಮೂರು ಸಲ ಲ್ಯಾಬಿಗೆ ಬಂದ ಮಹಾಶಯ! ನೋವು ಹಲ್ಲಿನದಲ್ಲ ಅಂತ ಜೊತೆಗೆ ಕೆಲಸ ಮಾಡುವ ಕಲಾಗೂ ಗೊತ್ತಾಗಿತ್ತು.

ಇಷ್ಟಾದರೂ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಇವತ್ತು ಹೇಳಿಬಿಡಬೇಕು ಅಂತಲೇ ತ್ರಿವೇಣಿ ಹೊಸ ಚೂಡಿದಾರ್ ಹಾಕಿಕೊಂಡು ಬಂದಿದ್ದಳು.

"ಈಗ ತೆಗೀರಿ."

ಅವನ ಅಂಗೈಗಳ ಮೇಲೆ ಗೇಣುದ್ದದ ಕೆಂಪು ರೇಸ್ ಕಾರು. ಅದರ ಬೆನ್ನಿಗೆ ಕಪ್ಪು ರೆಕ್ಕೆ. ಓಡುವಾಗ ಗಾಳಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯಲಿ ಅಂತ ರೇಸ್ ಕಾರುಗಳ ಹಿಂದೆ ಇರುತ್ತಲ್ಲ, ಆ ವಿಂಗ್.

"ಕಾರು ಅಂಗಡೀದು. ವಿಂಗ್ ಮಾತ್ರ ನಾನ ಮಾಡೀನ್ರಿ. ನಿಮಗಂತ."

ಆ ರೆಕ್ಕೆಯನ್ನ ತ್ರಿವೇಣಿ ಚೆನ್ನಾಗಿ ಬಲ್ಲಳು. ಕಾರನ್ನ ಕಿತ್ತುಕೊಂಡಂತೆ ತೆಗೆದುಕೊಂಡು ಬುಡಮೇಲು ಮಾಡಿದಳು. ರೆಕ್ಕೆಯ ಎಡತುದಿಯ ಅಡಿಯಲ್ಲಿ ಅಕ್ಕಿ ನುಚ್ಚಿನಷ್ಟು ಸಣ್ಣ ಗೀರು.

ಅಯ್ಯೋ ದೇವರೇ! ಆ ಗೀರು ಅವಳ ಕೈಯದು. ಹಲ್ಲು ಕೆತ್ತುವ ಚಾಕುವಿನಲ್ಲಿ ಮೇಣದ ಮಾದರಿ ಕೆತ್ತುವಾಗ ಜಾರಿ ಬಿದ್ದದ್ದು.

ಯಾರಿಗೂ ಹೇಳದ ಅವಳ ಗುಟ್ಟು ಅದೇ ಆಗಿತ್ತು. ಎರಡು ವರ್ಷದಿಂದ 'ಗೋಲ್ಡ್ ರೀಫ್ ವಿಂಗ್ಸ್' ಅನ್ನೋ ಹೆಸರಿನಲ್ಲಿ ಪುಟ್ಟ ಮಾಡೆಲ್ ಕಾರುಗಳಿಗೆ, ಕೇಳಿದವರ ಅಳತೆಗೆ ವಿಂಗ್ ಮಾಡಿ ಕಳಿಸುತ್ತಿದ್ದಳು. ಹುಡುಗಿ ಅಂತ ಗೊತ್ತಾದರೆ ಪ್ರತಿ ಅಳತೆಗೂ ತಗಾದೆ ತೆಗೆಯುತ್ತಾರೆ ಅಂತ ಹೆಸರು ಮುಚ್ಚಿಟ್ಟಿದ್ದಳು. ಹೋದ ತಿಂಗಳು ಮಾಡೆಲ್ ಕಾರಿನವರ ವಾಟ್ಸಾಪ್ ಗ್ರೂಪಿನಿಂದ ಅವಳನ್ನ ಹೊರಗೆ ಹಾಕಿದರು. ಕಾರಣ? ಗ್ರೂಪಿನ 'ಏರೋ ಅಣ್ಣ' ಅನ್ನುವವನ ಡಿಸೈನನ್ನು ಅವಳು ಕದ್ದಳಂತೆ! ಅವತ್ತಿನಿಂದ ಒಂದೇ ಒಂದು ಆರ್ಡರ್ ಬಂದಿರಲಿಲ್ಲ.

"ಹೆಂಗೈತ್ರಿ? ಮಾತ ಆಡವಲ್ರಿ," ಶಶಿಧರ್ ನಾಚಿಕೊಂಡು ನಗುತ್ತಿದ್ದ. "ಒಂದು ಮಾತ್ರ ನನಗ ತಿಳೀವಲ್ದು. ದಿನಾ ಅಳತಿ ನೋಡಾಂವ ನಾನು. ಆದ್ರೂ ಇದು ಅರ್ಧ ಮಿಲಿಮೀಟರ್ ಕಮ್ಮಿ ಬರ್ತದ."

"ಬಂದೇ ಬತ್ತದೆ," ಅಂದಳು ತ್ರಿವೇಣಿ. "ಅಚ್ಚಿಗೆ ಉಯ್ದ ರೆಸಿನ್ ಗಟ್ಟಿಯಾಗ್ವಾಗ ಕುಗ್ಗುತ್ತೆ. ಅದಕ್ಕೇ ಮೇಣದ ಮಾದರೀನ ನಾನು ಅರ್ಧ ಮಿಲಿಮೀಟರ್ ದೊಡ್ಡದಾಗೇ ಕೆತ್ತೋದು. ನೀವು ನನ್ನ ವಿಂಗಿಂದ ಅಚ್ಚು ತೆಗೆದಿದ್ದೀರ. ನಕಲು ಇನ್ನಷ್ಟು ಕುಗ್ಗಿದೆ."

ಅಂಗಡಿಯವನು ಆಗಷ್ಟೇ ಅವನ ಕೈಗಿಟ್ಟಿದ್ದ ಪೂರಿಯ ನೀರು ಪ್ಯಾಂಟಿನ ಮೇಲೆ ಸುರಿಯಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ನಿಮ್ಮ ವಿಂಗ್... ಗೋಲ್ಡ್ ರೀಫ್ ಅಂದ್ರ... ನೀವಾ?"

"ಏರೋ ಅಣ್ಣ ಅಂದ್ರೆ ನೀವಾ?"

ಅವನು ತಲೆ ತಗ್ಗಿಸಿ ಹೌದೆಂದ.

ಗ್ರೂಪಿನಿಂದ ಹೊರಗೆ ಹಾಕಿದ ವಾರ ಅವಳ ಕಣ್ಣು ಊದಿಕೊಂಡಿದ್ದಾಗ, ಏನಾಯ್ತು ಅಂತ ಕೇಳಿ ಕೇಳಿ ಎಳನೀರು ತಂದುಕೊಟ್ಟವನು ಇದೇ ಮನುಷ್ಯ! ಅಳಿಸಿದವನೂ ಅವನೇ, ಸಮಾಧಾನ ಮಾಡಿದವನೂ ಅವನೇ! ತ್ರಿವೇಣಿ ಕಾರನ್ನ ಬೆಂಚಿನ ಮೇಲಿಟ್ಟು ಎದ್ದು, ಸ್ಟೇಷನ್ ಕಡೆ ದಡದಡ ನಡೆದಳು.

ಪ್ಲಾಟ್‌ಫಾರ್ಮಿಗೆ ಅವನು ಓಡಿಕೊಂಡೇ ಬಂದ.

"ಗೆಳ್ಯಾನ ಹೆಸರಿನಾಗ ನಿಮ್ಮ ವಿಂಗ್ ಕೊಂಡಿದ್ನಿ. ಅದು ಮುರೀತು. ಅದನ್ನ ಜೋಡಿಸಿ ಅಚ್ಚು ತಗದು ಇನ್ನೊಂದು ಮಾಡಿದ್ನಿ. ಗ್ರೂಪಿನಾಗ ಫೋಟೋ ಹಾಕಿದ್ರ, ನೀವ ಮಾಡಿದ್ರ್ಯಾ ಅಂತ ಕೇಳಿದ್ರು. ಹೌದು ಅಂದ್ಬಿಟ್ನಿ. ಎಲ್ಲಾರೂ ಹೊಗಳಿದ್ರಿ. ಆಮ್ಯಾಲ ನಿಜ ಹೇಳಾಕ ಧೈರ್ಯ ಬರ್ಲಿಲ್ಲ."

"ನನ್ನ ಆಚೆ ಹಾಕ್ವಾಗ?"

"ಸುಮ್ನ ಇದ್ನಿ," ಅಂದ. ಕಣ್ಣು ತಪ್ಪಿಸಲಿಲ್ಲ.

ಸುಳ್ಳು ಹೇಳಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಓಗ್ರಿ. ನನ್ ಕಣ್ಮುಂದೆ ನಿಲ್ಬೇಡಿ."

ಹೋಗಲಿಲ್ಲ. ಫೋನ್ ತೆಗೆದು, ಗ್ರೂಪಿಗೆ ಕಳಿಸಲು ವಿಡಿಯೋ ಆನ್ ಮಾಡಿ ಮುಖದ ಮುಂದೆ ಹಿಡಿದು, ಟ್ರೇನಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಶುರುಮಾಡಿದ. "ನಾನು ಏರೋ ಅಣ್ಣ. ಹೆಸರು ಶಶಿಧರ್. ಆ ವಿಂಗ್ ನನ್ನದಲ್ಲ. ಗೋಲ್ಡ್ ರೀಫ್‌ನೋರದು. ಕದ್ದಾಂವ ನಾನು, ಹೊರಗ ಹಾಕಿದ್ದು ಅವರನ್ನ. ಅಚ್ಚು ನಾಳೆ ಅವರ ಕೈಯಾಗ ಕೊಡ್ತೀನಿ. ಅವರು..." ಅಂತ ನಿಂತು, ಅವಳ ಕಡೆ ತಿರುಗಿದ. "ನಿಮ್ಮ ಹೆಸರು ಹೇಳ್ಲ್ಯಾ, ಬ್ಯಾಡೋ? ನೀವ ಹೇಳ್ರಿ."

ತ್ರಿವೇಣಿ ಅವನನ್ನೇ ನೋಡಿದಳು. ಕೋಪ ಇನ್ನೂ ಇಳಿದಿರಲಿಲ್ಲ. ಪ್ರೀತಿಯೂ ಇಳಿದಿರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಶಾಕ್.

ಫೋನನ್ನ ಅವನ ಕೈಯಿಂದ ಕಸಿದುಕೊಂಡಳು.

"ಕೇಳ್ರಪ್ಪಾ, ನಾನು ತ್ರಿವೇಣಿ. ಮಾರಿಕುಪ್ಪಂ ಪೆರುಮಾಳ್ ಮಗಳು. ಗೋಲ್ಡ್ ರೀಫ್ ನಂದು. ಆ ವಿಂಗ್ ಕೆತ್ತಿದ್ದು ನಾನು. ಕದ್ದಿದ್ದು ಇವ್ರು." ಅಳು ಬಂತು, ನುಂಗಿಕೊಂಡಳು. "ಆದ್ರೆ ನೀವ್ಯಾರೂ ಇವ್ರನ್ನ ಬೈಬೇಡಿ. ಬೈಯೋ ಕೆಲ್ಸ ಇನ್ಮೇಲೆ ನಂದು. ದಿನಾ ಬೈತೀನಿ. ಸಾಯೋವರ್ಗೂ ಬೈತೀನಿ."

ವಿಡಿಯೋ ಕಳಿಸಿ, ಫೋನನ್ನ ಅವನ ಕೈಗೆ ತುರುಕಿ, ಬಂದು ನಿಂತ ಟ್ರೇನ್ ಹತ್ತಿಬಿಟ್ಟಳು. ಶಶಿಧರ್ ಬಾಯಿ ತೆರೆದುಕೊಂಡು ಅಲ್ಲೇ ನಿಂತಿದ್ದ. ಟ್ರೇನ್ ಮೆಲ್ಲಗೆ ಅಲುಗಿತು.

"ಏನ್ರೀ ಕಂಬದ ತರ ನಿಂತಿದ್ದೀರ?" ಬಾಗಿಲಿನಿಂದ ತ್ರಿವೇಣಿ ಕಿರುಚಿ ಕೈಚಾಚಿದಳು. "ಟ್ರೇನ್ ಅತ್ರೀ ಬೇಗ!"