ಇಲ್ಲಿರುವಷ್ಟು ಕಾಲ

ಹಾಡುವವರ ಸಾಲಿನಿಂದ ತಿರುಗಿ ನೋಡಿದಾಗ ವಿಮಲಾಳ ಕೈಚೀಲ ಬೆಂಚಿನ ಮೇಲಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲಿತ್ತು. ಚೀಲವಿದ್ದ ಜಾಗದಲ್ಲಿ ನೀಲಿ ಶರ್ಟಿನ ಗಂಡಸೊಬ್ಬ ಕೂತಿದ್ದ.

ಮದರಾಸಿನ ಪೆರಂಬೂರಿನ ಆ ಚರ್ಚಿನಲ್ಲಿ ಬೆಳಿಗ್ಗೆ ತಮಿಳಿನ ಆರಾಧನೆ. ಅದು ಮುಗಿದು ಜನ ಚದುರಿದ ಮೇಲೆ ಹಿಂದಿನ ಹಾಲ್‌ನಲ್ಲಿ ಕನ್ನಡದವರು ಸೇರುತ್ತಿದ್ದರು. ರೈಲ್ವೆಯವರು, ಬ್ಯಾಂಕಿನವರು, ಶಾಲೆ ಟೀಚರುಗಳು, ಒಟ್ಟು ಕೆಲವೇ ಮನೆಗಳು. ಯಾರು ಎಲ್ಲಿ ಕೂರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಆ ಬೆಂಚಿನ ತುದಿ ವಿಮಲಾಳ ಗಂಡ ಅನಿಲ್‌ನ ಜಾಗ. ಅನಿಲ್ ಕಾಮಾಲೆಯಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ವಿಮಲಾ ಈಗಲೂ ಪ್ರತಿ ಭಾನುವಾರ ಅಲ್ಲಿ ಚೀಲ ಇಡುತ್ತಿದ್ದಳು, ಯಾರೂ ಕೂರುತ್ತಿರಲಿಲ್ಲ.

ಆರಾಧನೆ ಮುಗಿದ ಮೇಲೆ ಅವಳು ನೇರವಾಗಿ ಅವನ ಹತ್ತಿರ ಹೋದಳು.

"ಇಲ್ಲಿ ಒಂದು ಚೀಲ ಇತ್ತಲ್ಲ?"

"ಹೌದು ಸಿಸ್ಟರ್. ಯಾರೋ ಮರೆತು ಹೋಗಿದಾರೆ ಅಂತ ಎತ್ತಿಟ್ಟೆ."

"ಮರೆತಿದ್ದಲ್ಲ. ಜಾಗಕ್ಕೆ ಇಟ್ಟಿದ್ದು."

"ಅಯ್ಯೋ, ಸಾರಿ. ಯಾರಾದ್ರೂ ಬರೋರಿದ್ರಾ?"

"ಇಲ್ಲ," ಅಂದಳು ವಿಮಲಾ. ಅಂದ ಮೇಲೆ ಆ ಮಾತು ಅವಳ ಕಿವಿಗೇ ವಿಚಿತ್ರವಾಗಿ ಕೇಳಿಸಿತು. ಚೀಲ ತೆಗೆದುಕೊಂಡು ಬೇಗ ಹೊರಗೆ ಬಂದಳು.

ಅವನಿಗೆ ಯಾರೋ ವಿಷಯ ಹೇಳಿರಬೇಕು. ಮುಂದಿನ ಭಾನುವಾರ ಅವನು ಎಲ್ಲೂ ಕೂರಲಿಲ್ಲ. ಖಾಲಿ ಬೆಂಚುಗಳಿದ್ದರೂ ಕೊನೆಯಲ್ಲಿ ನಿಂತೇ ಇದ್ದ. ಅದರ ಮುಂದಿನ ವಾರವೂ ಹಾಗೇ. ವಿಮಲಾಳಿಗೆ ಸಿಟ್ಟು ಬಂತು. ತಾನೇ ಅವನನ್ನು ನಿಲ್ಲಿಸಿ ಶಿಕ್ಷೆ ಕೊಟ್ಟ ಹಾಗಿತ್ತು.

"ದಯವಿಟ್ಟು ಎಲ್ಲಾದ್ರೂ ಕೂತ್ಕೊಳ್ಳಿ. ನೀವು ಹೀಗೆ ನಿಂತ್ರೆ ಹಿಂದಿನವರಿಗೆ ಕಾಣಲ್ಲ."

ಅವನು ಹಿಂದೆ ತಿರುಗಿ ನೋಡಿದ. "ನನ್ನ ಹಿಂದೆ ಗೋಡೆ ಸಿಸ್ಟರ್."

ವಿಮಲಾ ತಡೆಯಲಾರದೆ ನಕ್ಕಳು. ಅವಳ ಅತ್ತೆ ಶಾರದಮ್ಮ ದೂರದಿಂದ ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಚರ್ಚಿನಲ್ಲಿ ಸೊಸೆ ನಕ್ಕಿದ್ದನ್ನು ಅವರು ಕಂಡು ಬಹಳ ದಿನವಾಗಿತ್ತು.

ಅವನ ಹೆಸರು ಜೀವರತ್ನ. ರೈಲು ಬೋಗಿ ಮಾಡುವ ಕೋಚ್ ಫ್ಯಾಕ್ಟರಿಯ ಪೇಂಟ್ ವಿಭಾಗದಲ್ಲಿ ಸೂಪರ್‌ವೈಸರ್. ಹುಟ್ಟಿದ್ದು, ಓದಿದ್ದು ಎಲ್ಲ ಪೆರಂಬೂರಿನಲ್ಲೇ, ಅದೂ ತಮಿಳಿನಲ್ಲಿ. ಕೋಲಾರದ ಕಡೆಯ ತಾಯಿಯೊಂದಿಗೆ ಮಾತ್ರ ಕನ್ನಡ. ಆಕೆ ಬಹಳ ವರ್ಷ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳುವುದರಲ್ಲಿ ಇವನ ಮದುವೆಯ ವಯಸ್ಸು ಸರಿದುಹೋಯಿತು. ತಾಯಿ ಹೋದ ಮೇಲೆ ಮನೆಯಲ್ಲಿ ಕನ್ನಡ ನಿಂತಿತು. ಅದನ್ನು ಕೇಳುವುದಕ್ಕೆಂದೇ ಅವನು ಈ ಆರಾಧನೆಗೆ ಬಂದಿದ್ದ.

"ಮಾತಾಡಕ್ಕೆ ಬರುತ್ತೆ, ಓದಕ್ಕೆ ಬರಲ್ಲ," ಅಂದ. "ಹಾಡುವಾಗ ಸುಮ್ನೆ ಬಾಯಿ ಆಡಿಸ್ತೀನಿ. ನೀವು ಹಾಡಿ ತೋರಿಸಿದ್ರೆ ತಮಿಳಲ್ಲಿ ಬರ್ಕೋತೀನಿ."

ಹಾಗೆ ಭಾನುವಾರಗಳಂದು ಎಲ್ಲರೂ ಹೋದ ಮೇಲೆ ಅವಳು ಒಂದೊಂದೇ ಸಾಲು ಹೇಳುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ. ಶಾರದಮ್ಮ ಪಕ್ಕದಲ್ಲೇ ಬೀಸಣಿಗೆ ಹಿಡಿದು ಕೂತಿರುತ್ತಿದ್ದರು. ತಮಿಳಿನ ಅಕ್ಷರದಲ್ಲಿ ಗ ಮತ್ತು ಕ ಎರಡಕ್ಕೂ ಒಂದೇ ಗುರುತು, ಭ ಮತ್ತು ಪ ಎರಡಕ್ಕೂ ಒಂದೇ. ಅವನು ಓದುವಾಗ 'ಭಾಗ್ಯ' ಹೋಗಿ 'ಪಾಕ್ಯ' ಆಗುತ್ತಿತ್ತು.

"ಎಂತ ಪಾಕ್ಯ ಮಾರಾಯ? ಮೈಸೂರ್‌ಪಾಕ್ ಮಾಡ್ಲಿಕ್ಕೆ ಹೊರಟದ್ದಾ?" ಅನ್ನುತ್ತಿದ್ದರು ಶಾರದಮ್ಮ. ಅವರು ಉಡುಪಿಯ ಕಡೆಯವರು. ಮದರಾಸಿಗೆ ಬಂದು ಮೂವತ್ತು ವರ್ಷ ದಾಟಿದರೂ ಮಾತು ಬದಲಾಗಿರಲಿಲ್ಲ.

ಅವನು ಪೆನ್ನು ನಿಲ್ಲಿಸಿ ವಿಮಲಾಳ ತುಟಿ ನೋಡುತ್ತಿದ್ದ. ಅಕ್ಷರ ಸರಿಯಾಗಿ ಹಿಡಿಯಲು ಅನ್ನುವುದು ನೆಪ. ಅವಳು ಕೆಳಗೆ ನೋಡಿ ಅದೇ ಸಾಲನ್ನು ಮತ್ತೆ ಹೇಳುತ್ತಿದ್ದಳು. ಸ್ವಲ್ಪ ನಿಧಾನವಾಗಿಯೇ.

ಶಾರದಮ್ಮನಿಗೆ ಮೀನೆಂದರೆ ಪ್ರಾಣ ಎಂದು ಗೊತ್ತಾದ ಮೇಲೆ ಜೀವರತ್ನ ರಜೆ ಇದ್ದ ಶನಿವಾರ ಬೆಳಗಾಗುವ ಮುನ್ನ ಕಾಸಿಮೇಡಿನ ಮೀನು ಬಂದರಿಗೆ ಹೋಗಿ, ಹರಾಜಿನಲ್ಲಿ ಬಂಗುಡೆ ಹಿಡಿದು ತರತೊಡಗಿದ. ಬಾಗಿಲಲ್ಲೇ ಕೊಟ್ಟು ಹೊರಡುತ್ತಿದ್ದ. ಶಾರದಮ್ಮ ಬಿಡದೆ ಒಳಗೆ ಕರೆದು ಚಹಾ ಕೊಡುತ್ತಿದ್ದರು. ಅವನು ಅವರನ್ನು ಅಮ್ಮ ಎಂದೇ ಕರೆಯತೊಡಗಿದ.

ಒಂದು ಶನಿವಾರ ಅವನು ಹೋದ ಮೇಲೆ ಅವರು ಮೀನು ಕೊಯ್ಯುತ್ತಾ ಹೇಳಿದರು, "ಅವ ನಿನ್ನನ್ನು ಸಿಸ್ಟರ್ ಹೇಳುದು ಬಿಟ್ಟಿದ್ದಾನೆ. ಗೊತ್ತುಂಟಾ?"

"ಇಲ್ಲ ಅತ್ತೆ, ನಾನು ಗಮನಿಸಿಲ್ಲ."

"ವಿಮಲಾ ಅಂತಲೂ ಹೇಳುದಿಲ್ಲ. ಏನೂ ಹೇಳುದಿಲ್ಲ. ನೀನು ತಿರುಗುವ ತನಕ ಕಾಯ್ತಾನೆ."

ವಿಮಲಾ ಹಾಲಿನ ಪಾತ್ರೆ ತೊಳೆಯುತ್ತಿದ್ದವಳು ಮತ್ತೊಮ್ಮೆ ತೊಳೆದಳು. ಶಾರದಮ್ಮ ಕತ್ತಿ ಒರೆಸಿ, ಬೇರೆ ದನಿಯಲ್ಲಿ ಅಂದರು, "ನಮ್ಮ ಅನಿಲ ಅಲ್ಲಿ ಕಾಯ್ತಾ ಇರ್ತಾನೆ ಮಗಾ. ನಾವಿಬ್ಬರೂ ಹೋಗಿ ಸೇರುವ ತನಕ."

ಈ ಮಾತು ಹೊಸದಲ್ಲ. ಅನಿಲ್‌ನನ್ನು ಮಣ್ಣು ಮಾಡಿ ಬಂದ ದಿನ ಅತ್ತೆ ಸೊಸೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೇಳಿಕೊಂಡಿದ್ದು ಇದನ್ನೇ. ಅಡ್ಯಾರಿನ ಇನ್ಶೂರೆನ್ಸ್ ಆಫೀಸು, ಮನೆ, ಚರ್ಚು ಎಂದು ವಿಮಲಾ ಬದುಕಿದ್ದು ಈ ನಂಬಿಕೆಯ ಮೇಲೆ. ನಿತ್ಯಜೀವ ಅವಳಿಗೆ ಪ್ರಸಂಗದ ಪದವಾಗಿರಲಿಲ್ಲ. ಒಂದು ದಿನ ಹೋಗಬೇಕಾದ ಊರಾಗಿತ್ತು, ಅಲ್ಲಿ ಅವಳ ಗಂಡನಿದ್ದ.

ಒಂದು ಸಂಜೆ ಆಫೀಸಿನಿಂದ ಹೊರಬಂದಾಗ ಬಸ್‌ಸ್ಟಾಪಿನಲ್ಲಿ ಜೀವರತ್ನ ನಿಂತಿದ್ದ. ಒಗೆದು ಇಸ್ತ್ರಿ ಮಾಡಿದ ಶರ್ಟು, ಉಗುರಿನ ಸಂದಿಯಲ್ಲಿ ಮಾತ್ರ ಸ್ವಲ್ಪ ಪೇಂಟು.

"ಅಡ್ಯಾರಲ್ಲಿ ಏನು ಕೆಲಸ?"

"ಒಬ್ರನ್ನ ನೋಡಬೇಕಿತ್ತು."

"ಸಿಕ್ಕಿದ್ರಾ?"

"ಈಗ ಸಿಕ್ಕಿದ್ರು."

ಅವಳು ರಸ್ತೆಯ ಕಡೆ ನೋಡಿದಳು. ಪೆರಂಬೂರಿಗೆ ಹೋಗುವ ೨೯ಸಿ ಬಸ್ಸು ಎದುರು ಬದಿಯಲ್ಲಿ ಬರಬೇಕು. ಈ ಬದಿಯಲ್ಲಿ ಬಂದಿದ್ದು ಬೆಸೆಂಟ್ ನಗರದ ಬೀಚಿನ ಕಡೆ ಹೋಗುವ ೨೯ಸಿ. ಅವನು ಕೇಳುವ ಮುಂಚೆಯೇ ಅವಳು ಹತ್ತಿದಳು.

ಬೀಚಿನಲ್ಲಿ ಜನ ಬೇಕಾದಷ್ಟಿದ್ದರು. ಮರಳಿನ ಮೇಲೆ ಸ್ವಲ್ಪ ದೂರ ಬಿಟ್ಟು ಕೂತರು. ಅವನು ಸುತ್ತಿ ಬಳಸಿ ಮಾತಾಡುವವನಲ್ಲ.

"ನಿಮ್ಮನ್ನ ಮದುವೆ ಮಾಡ್ಕೋಬೇಕು ಅಂತ ಇದೆ. ಅಮ್ಮ ನಮ್ಮ ಜೊತೆಗೇ ಇರ್ಲಿ. ಪ್ರಾರ್ಥನೆ ಮಾಡೇ ಕೇಳ್ತಿದೀನಿ. ನೀವು ಬೇಡ ಅಂದ್ರೂ ಮೀನು ತರ್ತೀನಿ."

ಕೊನೆಯ ಮಾತಿಗೆ ಅವಳಿಗೆ ನಗು ಬಂದು, ನಗುವಿನ ಹಿಂದೆಯೇ ಅಳು ಬಂತು.

"ನಾನು ಒಂದು ಕೇಳ್ತೀನಿ, ನಗಬಾರದು," ಅಂದಳು. "ನಾನೂ ಒಂದಿನ ಅಲ್ಲಿಗೆ ಹೋಗ್ತೀನಿ. ಅನಿಲ್ ಇರ್ತಾರೆ. ನೀವೂ ಬರ್ತೀರಿ. ಅವಾಗ ನಾನು ಯಾರ ಹೆಂಡ್ತಿ? ಅವರಿಗೆ ಏನು ಹೇಳ್ಲಿ?"

ಜೀವರತ್ನ ನಗಲಿಲ್ಲ.

"ತೆರಿಯಲ," ಅಂದ ತಮಿಳಿನಲ್ಲೇ. ಆಮೇಲೆ, "ಗೊತ್ತಿಲ್ಲ. ಸುಮ್ನೆ ಏನೋ ಹೇಳಿ ನಿಮ್ಮನ್ನ ಒಪ್ಪಿಸೋದು ಸರಿಯಲ್ಲ. ಯೋಚನೆ ಮಾಡಿ ಹೇಳ್ತೀನಿ."

ಅವಳನ್ನು ಬಸ್ಸು ಹತ್ತಿಸಿ, ತಾನು ಹಿಂದಿನ ಬಾಗಿಲ ಹತ್ತಿರ ನಿಂತು ಬಂದ.

ಆಮೇಲೆ ಕೆಲವು ವಾರ ಅವನು ಅದರ ಬಗ್ಗೆ ಬಾಯಿ ಬಿಡಲಿಲ್ಲ. ಪಾಸ್ಟರ್ ಅಯ್ಯನವರನ್ನು ಕೇಳಿದ. ಅವರು, ಯೇಸುಸ್ವಾಮಿಯ ಮುಂದೆಯೂ ಜನ ಇದೇ ಪ್ರಶ್ನೆ ಇಟ್ಟಿದ್ದರು, ಪುನರುತ್ಥಾನದಲ್ಲಿ ಮದುವೆಯ ಕಟ್ಟು ಇಲ್ಲ ಎಂದೇ ಸ್ವಾಮಿ ಹೇಳಿದ್ದು ಎಂದು ವಿವರಿಸಿದರು. ವಿಮಲಾಳಿಗೂ ಅದು ಗೊತ್ತಿತ್ತು. ಗೊತ್ತಿದ್ದಿದ್ದರಿಂದ ದುಃಖ ಹೆಚ್ಚಾಗಿತ್ತೇ ಹೊರತು ಕಡಿಮೆಯಾಗಿರಲಿಲ್ಲ. ಹಾಗಾದರೆ ಅನಿಲ್ ಕಾಯುತ್ತಿರುವುದು ಯಾರಿಗೆ?

ಒಂದು ಭಾನುವಾರ, ಹಾಡು ಕಲಿತಾದ ಮೇಲೆ, ಶಾರದಮ್ಮ ಯಾರೊಂದಿಗೋ ಮಾತಾಡುತ್ತಿದ್ದಾಗ ಜೀವರತ್ನ ಮೆಲ್ಲಗೆ ಹೇಳಿದ, "ಯೋಚನೆ ಮಾಡಿದೆ. ಅಲ್ಲಿ ನಾನು ನಿಮ್ಮನ್ನ ಕೇಳಲ್ಲ. ಅಲ್ಲಿ ಹೋದ ತಕ್ಷಣ ನೀವು ಅವರ ಹತ್ರ ಓಡಿ ಹೋಗಿ. ನಾನು ನೋಡಿ ಸಂತೋಷ ಪಡ್ತೀನಿ. ನಾನು ಕೇಳ್ತಿರೋದು ಇಲ್ಲಿರೋ ಕಾಲ ಮಾತ್ರ."

ಅವನು ಪ್ರಾಮಾಣಿಕವಾಗಿಯೇ ಹೇಳಿದ್ದ. ಹೇಳುವಾಗ ಮುಖ ಬಿಳಿಚಿತ್ತು. ವಿಮಲಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ಊರಿನಲ್ಲಿ ಈ ಮನುಷ್ಯ ದೂರದಲ್ಲಿ ನಿಂತು ನೋಡುವುದನ್ನು ಅವಳು ಊಹಿಸಿಕೊಂಡಳು. ಅಂಥದ್ದು ಸ್ವರ್ಗ ಹೇಗಾಗುತ್ತದೆ?

ಮನೆಗೆ ಬಂದವಳು ಊಟ ಮಾಡಲಿಲ್ಲ. ಶಾರದಮ್ಮ ತಟ್ಟೆ ಮುಂದಿಟ್ಟುಕೊಂಡು ಕಾದರು. ಕೊನೆಗೆ ವಿಮಲಾ ಎಲ್ಲವನ್ನೂ ಹೇಳಿಬಿಟ್ಟಳು, ಬೀಚು, ಪ್ರಶ್ನೆ, ಇವತ್ತಿನ ಉತ್ತರ.

"ಅನಿಲ್‌ಗೆ ಮೋಸ ಮಾಡಿದ ಹಾಗೆ ಆಗುತ್ತೆ ಅತ್ತೆ. ಅಲ್ಲಿ ಹೋಗಿ ಹ್ಯಾಗೆ ಮುಖ ತೋರಿಸ್ಲಿ?"

ಶಾರದಮ್ಮ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಿನ್ನ ಮಾವನನ್ನು ನೀನು ನೋಡ್ಲಿಲ್ಲ," ಅಂದರು. "ಚರ್ಚಲ್ಲಿ ದೊಡ್ಡ ಹೆಸರು. ಮನೆಗೆ ಬಂದ್ರೆ ಕೈ ಎತ್ತದ ದಿನ ಇಲ್ಲ. ಅನಿಲ ಸಣ್ಣವ, ಮಂಚದ ಅಡಿಯಲ್ಲಿ ಕೂತುಕೊಳ್ತಿದ್ದ."

ವಿಮಲಾ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಈ ವಿಷಯ ಅನಿಲ್ ಕೂಡ ಹೇಳಿರಲಿಲ್ಲ.

"ಅವರು ತೀರಿಕೊಂಡಾಗ ಎಲ್ಲರೂ ಬಂದು, ಶಾರದಮ್ಮ, ಅಲ್ಲಿ ನಿಮಗೋಸ್ಕರ ಕಾಯ್ತಾರೆ, ಅಳ್ಬೇಡಿ ಹೇಳಿದ್ರು. ನನಗೆ ಹೆದರಿಕೆ ಆಯಿತು ಮಾರಾಯ್ತಿ! ಅಲ್ಲಿಯೂ ಅವರೇ ಅಂದ್ರೆ ನಾನು ಹೋಗುದೇ ಇಲ್ಲ ಅಂತ ದೇವರಿಗೆ ಹೇಳ್ದೆ. ಆಮೇಲೆ ಒಬ್ಬರು ಪಾಸ್ಟರ್ ಹೇಳಿದ್ರು, ಅಲ್ಲಿ ಯಾರೂ ಯಾರ ಹೆಂಡತಿಯೂ ಅಲ್ಲ ಅಂತ. ಆ ರಾತ್ರಿ ನನಗೆ ನಿದ್ದೆ ಬಂತು."

"ಮತ್ತೆ ನೀವು ದಿನಾ ಅನಿಲ್ ಕಾಯ್ತಾರೆ ಅಂತಿದ್ರಲ್ಲ?"

"ನನಗೆ ಕಾಯ್ತಾನೆ. ತಾಯಿ ಅಲ್ವಾ?" ಶಾರದಮ್ಮನ ದನಿ ಕುಗ್ಗಿತು. "ನಿನ್ನನ್ನು ಸೇರಿಸಿ ಹೇಳಿದ್ದು ನೀನು ನನ್ನ ಬಿಟ್ಟು ಹೋಗ್ಬಾರ್ದು ಅಂತ."

ವಿಮಲಾ ಅವರ ಹತ್ತಿರ ಸರಿದು ಕೂತಳು. ಮತ್ತೆ ಶಾರದಮ್ಮನೇ ಹೇಳಿದರು, "ಅಲ್ಲಿ ನನ್ನ ಗಂಡನೂ ಸಿಗ್ತಾರೆ, ಅದು ನನಗೀಗ ಗೊತ್ತುಂಟು. ಸಿಕ್ಕಿದ್ರೆ ಹೆದರುದಿಲ್ಲ. ಅವರು ಯಜಮಾನ ಅಲ್ಲ, ನಾನು ಆಳಲ್ಲ. ಆ ಕೈಯನ್ನು ದೇವರು ಸರಿ ಮಾಡಿರ್ತಾನೆ. ನನ್ನ ಗಂಡನನ್ನೇ ಸರಿ ಮಾಡುವ ದೇವರಿಗೆ ನೀನು, ಅನಿಲ, ಈ ಪೇಂಟಿನವ, ನಿಮ್ಮ ಮೂರು ಜನರ ವಿಷಯ ಒಂದು ಕಷ್ಟವಾ? ಊಟ ಮಾಡು."

ವಿಮಲಾ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಆಮೇಲೆ ಎದ್ದು ಇಬ್ಬರಿಗೂ ಅನ್ನ ಬಿಸಿ ಮಾಡಿದಳು.

ಮಾರನೆಯ ದಿನ ಅವಳು ಆಫೀಸಿನಿಂದ ಬೇಗ ಹೊರಟು ಕೋಚ್ ಫ್ಯಾಕ್ಟರಿಯ ಗೇಟಿಗೆ ಹೋದಳು. ಶಿಫ್ಟು ಬಿಟ್ಟು ಸೈಕಲ್ಲುಗಳು ಹೊಳೆಯ ಹಾಗೆ ಹೊರಬರುತ್ತಿದ್ದವು. ಜೀವರತ್ನ ಸ್ನೇಹಿತರೊಂದಿಗೆ ಮಾತಾಡುತ್ತಾ ಬಂದವನು ಅವಳನ್ನು ನೋಡಿ ಸೈಕಲ್ಲಿನ ಬ್ರೇಕು ಹಿಡಿದ. ಹಿಂದಿನವನು ಬೈದುಕೊಂಡು ಬಳಸಿ ಹೋದ.

"ಅಮ್ಮ ಹುಷಾರಾಗಿದಾರಾ?"

"ಹುಷಾರಾಗಿದಾರೆ. ನೀವು ನಿನ್ನೆ ಹೇಳಿದ್ದು ತಪ್ಪು, ಅದನ್ನ ಹೇಳಕ್ಕೆ ಬಂದೆ."

ಅವನು ತಲೆ ತಗ್ಗಿಸಿದ. "ಸರಿ. ಪರವಾಗಿಲ್ಲ."

"ಪೂರ್ತಿ ಕೇಳಿ. ಅಲ್ಲಿ ನೀವು ದೂರ ನಿಂತು ನೋಡೋದು ನನಗೆ ಬೇಡ. ನಾನು ಅಲ್ಲಿ ಅನಿಲ್ ಅವರನ್ನೂ ನೋಡಬೇಕು, ನಿಮ್ಮನ್ನೂ ನೋಡಬೇಕು."

"ನೋಡಿದ್ರೆ... ನಾನು ಯಾರು ಅಂತ?"

"ಅದು ಗೊತ್ತಿಲ್ಲ. ಅದನ್ನ ದೇವರು ಹೇಳ್ಲಿ." ಅವಳು ಅವನ ಸೈಕಲ್ಲಿನ ಹ್ಯಾಂಡಲ್ ಮೇಲೆ ಕೈಯಿಟ್ಟಳು. "ಇಲ್ಲಿರೋವಷ್ಟು ಕಾಲ ನೀವು ಯಾರು ಅಂತ ನಾನು ಹೇಳಬಲ್ಲೆ. ಈಗ ಕೇಳಿ, ಬೀಚಲ್ಲಿ ಕೇಳಿದ್ರಲ್ಲ, ಅದನ್ನ."

ಗೇಟಿನ ಮುಂದೆ, ಅಷ್ಟು ಸೈಕಲ್ಲುಗಳ ಗಂಟೆಯ ನಡುವೆ, ಅವನು ಮತ್ತೊಮ್ಮೆ ಕೇಳಿದ. ಅವಳು ಹೂಂ ಅಂದಳು. ಅವನಿಗೆ ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಬೇಕಾಯಿತು, ಇಬ್ಬರು ಮೂವರು ತಿರುಗಿ ನೋಡಿದರು.

ಈಸ್ಟರ್ ಕಳೆದು ಮೊದಲ ಶನಿವಾರ ಮದುವೆ. ಮರಣ ಅಗಲಿಸುವ ತನಕ ಎನ್ನುವ ಮಾತು ಬಂದಾಗ ಪಾಸ್ಟರ್ ಅಯ್ಯನವರು ವಿಮಲಾಳನ್ನು ನೋಡಿ ಕ್ಷಣ ತಡೆದರು. ಆ ಮಾತಿನ ತೂಕ ಅಲ್ಲಿದ್ದವರಲ್ಲಿ ಅವಳಷ್ಟು ಬಲ್ಲವರು ಕಡಿಮೆ. ಅವಳು ದನಿ ತಗ್ಗಿಸದೆ, ಜೀವರತ್ನನ ಕಣ್ಣು ನೋಡುತ್ತಲೇ ಹೇಳಿದಳು. ಅಲ್ಲಿಯ ತನಕ ಎಂದರೆ ಎಷ್ಟು ದಿನವೋ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಒಂದು ದಿನವನ್ನೂ ಮುನಿಸಿನಲ್ಲಿ ಕಳೆಯಬಾರದು ಎಂದು ಮನಸ್ಸಿನಲ್ಲೇ ಸೇರಿಸಿಕೊಂಡಳು. ಆ ನಿರ್ಧಾರ ಒಂದು ವಾರವೂ ಉಳಿಯಲಿಲ್ಲ. ಒದ್ದೆ ಟವೆಲನ್ನು ಅವನು ಮಂಚದ ಮೇಲೆ ಹಾಕುತ್ತಾನೆಂದು ಜಗಳವಾಯಿತು. ಆದರೆ ಮಲಗುವ ಮುನ್ನ ಅವನೇ ಹೋಗಿ ಅದನ್ನು ಹಗ್ಗದ ಮೇಲೆ ಹಾಕಿ ಬಂದ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಮೂವರೂ ಪ್ರಾರ್ಥನೆಗೆ ಕೂತರು. ಅವತ್ತು ಜೀವರತ್ನನ ಸರದಿ. ಅರ್ಧ ಕನ್ನಡ, ಅರ್ಧ ತಮಿಳು. ಊಟಕ್ಕೆ, ಕೆಲಸಕ್ಕೆ, ಅಮ್ಮನ ಮಂಡಿ ನೋವಿಗೆ ಎಲ್ಲಕ್ಕೂ ಪ್ರಾರ್ಥಿಸಿ, ಸ್ವಲ್ಪ ನಿಂತು ಹೇಳಿದ, "ಕರ್ತನೇ, ಅನಿಲ್‌ಗೋಸ್ಕರ ಸ್ತೋತ್ರ. ವಿಮಲಾನ ಅವರು ಅಷ್ಟು ಚೆನ್ನಾಗಿ ನೋಡ್ಕೊಂಡ್ರು. ನಾವು ಮೂರು ಜನಾನೂ ಬರೋ ತನಕ ಅವರು ಅಲ್ಲಿ ಸಂತೋಷವಾಗಿರ್ಲಿ. ನಾವು ಇಲ್ಲಿ ಒಬ್ಬರಿಗೊಬ್ಬರು ಒಳ್ಳೇವ್ರಾಗಿರೋ ಹಾಗೆ ಮಾಡು."

ವಿಮಲಾ ಕಣ್ಣು ತೆರೆದು ಅವನನ್ನು ನೋಡಿದಳು. ಅವನೂ ಒಂದು ಕಣ್ಣು ತೆರೆದ.

"ಪ್ರಾರ್ಥನೆ ಮಾಡುವಾಗ ಕಣ್ಣು ಮುಚ್ಚಬೇಕು," ಅಂದಳು ಪಿಸುದನಿಯಲ್ಲಿ.

"ನಿಮ್ಮದು?"

"ಆಮೆನ್ ಹೇಳಿ ಮಾರಾಯ್ರೆ," ಅಂದರು ಶಾರದಮ್ಮ, ಕಣ್ಣು ಮುಚ್ಚಿಕೊಂಡೇ. "ಚಾ ತಣಿದು ಹೋಗ್ತದೆ."

ಇಬ್ಬರೂ ಒಟ್ಟಿಗೇ ಆಮೆನ್ ಅಂದರು.