ಬೈಂಡರ್ ಸುಲಿದ ಕಿತ್ತಳೆ

ಮೊದಲ ದಿನವೇ ಅವನಿಗೆ ಅವಳ ಮೇಲೆ ಕೋಪ ಬಂದಿತ್ತು. ಲೈಬ್ರರಿಯ ಹರಿದ ಪುಸ್ತಕಗಳನ್ನು ಎರಡು ಚೀಲದಲ್ಲಿ ಹೊತ್ತು ಅವನ ಬೈಂಡಿಂಗ್ ಅಂಗಡಿಗೆ ಬಂದವಳು ಬಾಗಿಲಲ್ಲೇ ಏದುಸಿರು ಬಿಡುತ್ತಿದ್ದಳು. ಪಾಪ ಎಂದು ಅವನು ತನ್ನ ಬನ್ನಿನಲ್ಲಿ ಅರ್ಧ ಮುರಿದು ಕೊಟ್ಟರೆ, ಬಿಸಿ ತಾಗಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಎಂಥ ಜಂಬ ಎಂದುಕೊಂಡ ಅವನ ಮುಖ ಸಣ್ಣದಾಯಿತು.

ಆ ಮುಖ ನೋಡಿ ಅವಳು, ಬಾಯಿಪಾಠವಾಗಿಹೋಗಿದ್ದ ತನ್ನ ಕಥೆಯನ್ನು ಮತ್ತೊಮ್ಮೆ ಒಪ್ಪಿಸಿದಳು. ಸಾರಿ ಎಂದೇ ಶುರು. ತನಗೆ ಸೀಲಿಯಾಕ್ ಎಂಬ ಕಾಯಿಲೆ ಇದೆ; ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಆಗದು; ಅದರಲ್ಲಿರುವ ಗ್ಲುಟನ್ ಚೂರೇ ಚೂರು ಒಳಗೆ ಹೋದರೂ ಕರುಳು ಕೆಡುತ್ತದೆ; ಔಷಧಿಯಿಲ್ಲ, ಬದುಕಿರುವವರೆಗೂ ಪಥ್ಯವೊಂದೇ. ಕೇಳಿದವರೆಲ್ಲ ಸ್ವಲ್ಪ ತಿಂದರೆ ಏನಾಗುತ್ತೆ ಎನ್ನುತ್ತಿದ್ದರು. ಅವಳು ಆ ಮಾತಿಗೇ ಕಾದು ನಿಂತಳು.

"ಹಾಗಾದ್ರೆ ಹೊರಗಡೆ ಹಸಿವಾದ್ರೆ ಏನ್ ಮಾಡ್ತೀರಿ?" ಎಂದ ಅವನು.

ಇಷ್ಟು ವರ್ಷದಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. "ಸುಮ್ನಿರ್ತೀನಿ" ಎಂದಳು. ಹೆಣ್ಣು ಸೋತದ್ದು ಅಲ್ಲೇ. ಅದು ಅವಳಿಗೆ ತಿಳಿದದ್ದು ಮಾತ್ರ, ಖಾಲಿ ಚೀಲಗಳನ್ನು ಅವನಲ್ಲೇ ಮರೆತು ಮನೆ ಸೇರಿದ ಮೇಲೆ.

ಮುಂದಿನ ಸಲ ಹೋದಾಗ ಮೇಜಿನ ಮೇಲೆ ಕಿತ್ತಳೆಹಣ್ಣಿತ್ತು. ಸಿಪ್ಪೆಯೊಳಗಿನ ಹಣ್ಣಿಗೆ ಯಾವ ಹಿಟ್ಟೂ ತಾಗಿರುವುದಿಲ್ಲ ಎಂಬುದು ಅವನ ಲೆಕ್ಕ. ಕೈ ತೊಳೆದು, ಏಪ್ರನ್ನಿಗೆ ಒರೆಸಿಕೊಂಡು, ಪುಸ್ತಕದ ಹಳೆಯ ಹೊಲಿಗೆ ಬಿಚ್ಚುವಷ್ಟೇ ನಿಧಾನವಾಗಿ ಒಂದೊಂದು ತೊಳೆಯ ಬಿಳಿ ನಾರನ್ನೂ ಬಿಡಿಸಿ ಅವಳ ಬಾಯಿಯ ಹತ್ತಿರ ಹಿಡಿದ. ಅವಳು ಕಣ್ಣೆತ್ತಿದರೆ ಅವನು ಹಣ್ಣು ನೋಡುತ್ತಿದ್ದ; ಅವಳು ಹಣ್ಣು ನೋಡಿದರೆ ಅವನು ಅವಳನ್ನು. ಅಲ್ಲಿಂದ ಅದೇ ರೂಢಿಯಾಯಿತು. ನೀವು ಹೋಗಿ ನೀನು ಬಂತು. ಅವನು ಬನ್ನು ಬಿಟ್ಟ. ಅವಳು ಬರುವ ಹೊತ್ತಿಗೆ ಹಲ್ಲುಜ್ಜಿಕೊಂಡು ಕಾಯುತ್ತಿದ್ದ. ಯಾಕೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಕಿವಿಗಳು ಮಾತ್ರ ಕೆಂಪಾಗುತ್ತಿದ್ದವು.

ಆದರೆ ಅವನನ್ನು ಕಂಡು ಬಂದ ಮರುದಿನವೆಲ್ಲ ಅವಳು ಹಾಸಿಗೆ ಹಿಡಿಯುತ್ತಿದ್ದಳು. ಹೊಟ್ಟೆ ಕಿವುಚುವುದು, ಬಾಯಿಹುಣ್ಣು, ಮೆಟ್ಟಿಲು ಹತ್ತಲಾಗದ ಸುಸ್ತು. ಜೊತೆಯಲ್ಲಿದ್ದ ಅಕ್ಕ ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದಳು. ಹೋಟೆಲಿನವರನ್ನು, ನೆಂಟರನ್ನು, ಔಷಧಿ ಅಂಗಡಿಯವನನ್ನು ಇದರಲ್ಲೇನಿದೆ, ಅದರಲ್ಲೇನಿದೆ ಎಂದು ಪೀಡಿಸುವವಳಿಗೆ ಇನ್ನೇನು ಹೆಸರಿಡುವುದು? "ನಿಂಗೆ ಪ್ರೀತೀನೂ ಪಥ್ಯ ಕಣೇ" ಎನ್ನುತ್ತ ಅವಳ ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟಳು.

ರಕ್ತಪರೀಕ್ಷೆ ನೋಡಿದ ಡಾಕ್ಟರು, ಎಲ್ಲಿಂದಲೋ ಒಳಗೆ ಹೋಗುತ್ತಿದೆ, ಹುಡುಕಿ ಎಂದರು. ಅವಳು ಟೂತ್‌ಪೇಸ್ಟ್ ಬದಲಿಸಿದಳು, ಮಾತ್ರೆ ಬದಲಿಸಿದಳು, ಅಕ್ಕನ ಮರದ ಸೌಟುಗಳನ್ನು ಎಸೆದು ಬೈಸಿಕೊಂಡಳು. ಇನ್ನು ಉಳಿದವನು ಅವನೊಬ್ಬ. ಇಷ್ಟೆಲ್ಲ ಬಿಟ್ಟವನ ಮುಂದೆ ಮತ್ತೊಂದು ಪ್ರಶ್ನೆ ಹಿಡಿದು ನಿಲ್ಲುವುದಕ್ಕಿಂತ ಅವನನ್ನೇ ಬಿಡುವುದು ಸುಲಭ ಎನ್ನಿಸುವಷ್ಟು ಅವಳು ದಣಿದಿದ್ದಳು.

ಅದನ್ನು ಹೇಳಿಬಿಡಲೆಂದೇ ಒಂದು ಬೆಳಿಗ್ಗೆ ಹೊರಟಳು. ಅವಳು ಯಾವಾಗಲೂ ಹೋಗುತ್ತಿದ್ದದ್ದು ಮಧ್ಯಾಹ್ನ, ಕೆಲಸದ ಅಂಟು ಬಟ್ಟಲಿಗೆ ಇಳಿದಾದ ಮೇಲೆ. ಇವತ್ತು ಅವನು ಒಲೆಯ ಮುಂದೆ ನಿಂತು ಅದನ್ನು ಕಾಯಿಸುತ್ತಿದ್ದ. ಪಕ್ಕದಲ್ಲಿ ಬಾಯಿ ತೆರೆದ ಮೈದಾ ಪೊಟ್ಟಣವಿತ್ತು.

ಅವಳು ಪೊಟ್ಟಣ ನೋಡಿದಳು. ಆಮೇಲೆ ಅವನ ಉಗುರಿನ ಸಂದಿ ನೋಡಿದಳು, ಏಪ್ರನ್ನಿನ ಮೇಲೆ ಒಣಗಿ ನಿಂತ ಬಿಳಿಯನ್ನು ನೋಡಿದಳು. ಅವಳ ಕಣ್ಣು ಹೋದಲ್ಲೆಲ್ಲ ಅವನ ಕಣ್ಣೂ ಹೋಯಿತು. ಕಲಕುತ್ತಿದ್ದ ಕೈ ನಿಂತಿತು.

"ಇದು ಅಂಟು" ಎಂದ, ತನಗೇ ಹೇಳಿಕೊಳ್ಳುವಂತೆ. "ಇದನ್ನ ಹಿಟ್ಟು ಅಂತ ನಾನು ಯಾವತ್ತೂ ಅಂದ್ಕೊಂಡೇ ಇರ್ಲಿಲ್ಲ."

ಅವನ ಅಪ್ಪನ ಕಾಲದಿಂದಲೂ ಅದು ಪುಸ್ತಕಕ್ಕೆ ಹಚ್ಚುವ ವಸ್ತು, ಯಾರೂ ತಿಂದದ್ದಿಲ್ಲ. ಲೈಬ್ರರಿಯಲ್ಲಿ ಟ್ಯೂಬಿನ ಗೋಂದು ಬಳಸುವ ಅವಳಿಗೂ ಹೊಳೆದಿರಲಿಲ್ಲ. ಊರಿಗೆಲ್ಲ ಪ್ರಶ್ನೆ ಹಾಕಿದವಳು ಆ ಬಟ್ಟಲೊಂದನ್ನು ಬಿಟ್ಟಿದ್ದಳು. ನಗು ಬಂತು, ನಗುನಗುತ್ತಲೇ ಅಳು ಬಂತು.

ಅವನು ಗಡಬಡಿಸಿ, ಇನ್ನು ಮೇಲೆ ಕಾರ್ನ್‌ಫ್ಲೋರ್ ಅಂಟು ಮಾಡುತ್ತೇನೆ, ಒಣಗುವುದು ತಡವಾದರೆ ಆಗಲಿ ಎಂದ. ಅದಲ್ಲ ಎಂಬಂತೆ ಅವಳು ತಲೆಯಾಡಿಸಿದಳು.

"ನಿನ್ನನ್ನ ಬಿಟ್ಬಿಡೋಣ ಅಂತಾನೇ ಬಂದಿದ್ದೆ. ನೀನು ಬೇಡ ಅಂತಲ್ಲ. ಕೇಳಿ ಕೇಳಿ ಸುಸ್ತಾಗಿದೆ ನಂಗೆ. ಒಂದು ಕಡೆಯಾದ್ರೂ ಏನೂ ಕೇಳ್ದೆ ಬಾಯಿ ತೆಗೀಬೇಕು ಅಂತ ಆಸೆ ಇತ್ತು. ಅದು ನಿನ್ನ ಹತ್ರ ಅಂದ್ಕೊಂಡಿದ್ದೆ."

ಅಂಟು ತಳಹಿಡಿಯಿತು. ಅವನು ಒಲೆ ಆರಿಸಿದ.

"ಆಸೆ ಪಟ್ಟಿದ್ದಕ್ಕೆ ಏನಾಯ್ತು ನೋಡಿದ್ಯಲ್ಲ" ಎಂದ ಕೊನೆಗೆ. "ನನ್ನನ್ನ ಕಣ್ಮುಚ್ಚಿ ನಂಬಬೇಡ. ಕೇಳು. ದಿನಾ ಕೇಳು, ನಿನ್ನೆ ಕೇಳಿದ್ದನ್ನೇ ಕೇಳು. ಸಾರಿ ಅಂತ ಮಾತ್ರ ಶುರು ಮಾಡ್ಬೇಡ. ನಂಗೆ ನೀನು ಬೇಕು."

ಅವಳಿಗೆ ಅವನ ಕೈ ಹಿಡಿಯಬೇಕೆನ್ನಿಸಿತು, ಆ ಕೈ ಹಿಡಿಯುವಂತಿರಲಿಲ್ಲ. ಅಂಗಿಯ ತೋಳು ಮಡಿಸಿದ್ದ ಜಾಗದ ಮೇಲೆ, ಅವನ ಮೊಣಕೈ ಹಿಡಿದುಕೊಂಡಳು.

ಹೊಸ ಅಂಟು ಸತಾಯಿಸಿತು. ದಪ್ಪನೆಯ ಡಿಕ್ಷನರಿಯೊಂದು ಬೆನ್ನು ಬಿಟ್ಟುಕೊಂಡು ವಾಪಸ್ ಬಂತು. ಅವನು ಗೊಣಗುತ್ತಲೇ ಮತ್ತೆ ಕಟ್ಟಿದ. ಅವಳ ಬಾಯಿಹುಣ್ಣು ಮಾಯಿತು, ದಣಿವು ಮಾತ್ರ ಅಷ್ಟು ಬೇಗ ಬಿಡುವ ಜಾತಿಯದ್ದಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯುತ್ತಿತ್ತು. ಅವಳು ಕುರ್ಚಿಯಲ್ಲಿ ಕುಳಿತು ತಲೆಯನ್ನು ಗೋಡೆಗೆ ಆನಿಸಿದ್ದಳು. ಸಾರಿ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

"ಏನೇನು ತೊಳ್ದೆ?" ಎಂದಳು.

ಅವನು ಒಲೆಯ ಕಡೆಗೆ ಮುಖ ಮಾಡಿಕೊಂಡೇ ಹೇಳತೊಡಗಿದ. ಪಾತ್ರೆ ಹೊಸದು. ಚಾಕು ಅವಳದ್ದೇ, ಬೇರೆ ಎತ್ತಿಟ್ಟದ್ದು. ಉಗುರಿಗೆ ಬ್ರಶ್ ಹಾಕಿ ಉಜ್ಜಿದ್ದಾಯಿತು, ಅಂಗಿ ಬದಲಿಸಿದ್ದಾಯಿತು. ಮೆಣಸಿನ ಪುಡಿ ಅಂಗಡಿಯದ್ದಲ್ಲ, ತಾನೇ ಕುಟ್ಟಿದ್ದು. ಹಿಂದಿನಿಂದ ಬರುತ್ತಿದ್ದ ಹೂಂ ನಿಂತಿತು. ತಿರುಗಿ ನೋಡಿದರೆ ಅವಳು ಬಾಯಿ ತುಸು ತೆರೆದು ನಿದ್ದೆಹೋಗಿದ್ದಳು.

ಅವನು ಉರಿ ಸಣ್ಣ ಮಾಡಿ, ಅವಳ ಎದುರು ಕುಳಿತು, ಉಳಿದದ್ದನ್ನು ಮೆಲ್ಲಗೆ ಹೇಳಿ ಮುಗಿಸಿದ. ಉಪ್ಪಿನ ಡಬ್ಬಿಯವರೆಗೂ ಹೇಳಿದ.